ಹೊರಗೋಡೆಯ ಗೀಸರ್

ವಂಡ್ಸೆಯಲ್ಲಿ ಬುಟ್ಟಿ ಖಾಲಿ ಮಾಡಿ ಸೀತು ಮನೆ ಮುಟ್ಟುವಾಗ ಮಧ್ಯಾಹ್ನ ಎರಡು ದಾಟುತ್ತದೆ. ಮೀನು ಮಾರಿ ಬಂದವಳು ಮೀಯದೆ ಹೊಸ್ತಿಲು ದಾಟುವಂತಿಲ್ಲ. ಅದು ಅವಳ ಅತ್ತೆ ಮಾಡಿಟ್ಟುಹೋದ ಕಟ್ಟಳೆ. ಅದಕ್ಕೆಂದೇ ಅಂಗಳದ ಮೂಲೆಯಲ್ಲೊಂದು ಬಚ್ಚಲಿತ್ತು, ಒಲೆಯ ಮೇಲೆ ಹಂಡೆಯಿತ್ತು. ಮೂವತ್ತು ವರ್ಷ ಐಸಿನ ಮೀನು ಕೆದಕಿ ಸೆಟೆದ ಬೆರಳುಗಳು ಆ ಬಿಸಿನೀರಿನಲ್ಲಿ ಅದ್ದಿದ ಮೇಲೆಯೇ ಅನ್ನ ಕಲಸುವಷ್ಟು ಬಗ್ಗುತ್ತಿದ್ದವು.

ಮಗ ಯತೀಶ ಕಾರು ತಂದ. ಕಾರಿಗೆ ಜಾಗ ಬೇಕು, ಬಚ್ಚಲು ಒಡೆಯಬೇಕು ಎಂದಳು ಸೊಸೆ ಶ್ರೀಲತಾ. ಸೀತು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ನಂಗ್ ಬಿಸ್ನೀರ್ ಎಲ್ಲಿಂದ? ಈ ಸೀರಿ ಉಟ್ಕಂಡ್ ಒಳ್ಗಿನ್ ಬಾತ್‌ರೂಮಿಗ್ ಹೋಪುಕಾತ್ತಾ?"

"ಗೀಸರ್ ಹಾಕ್ಸ್ವ ಅಮ್ಮ. ನೀನೇ ಬಂದ್ ಆರ್ಸ್," ಎಂದ ಯತೀಶ.

ಕುಂದಾಪುರದ ಅಂಗಡಿಯ ಲೀಲಾಧರ ಮೂವರ ಮುಂದೆ ಎರಡು ಡಬ್ಬಿಗಳನ್ನಿಟ್ಟ. ಎರಡಕ್ಕೂ ಟ್ಯಾಂಕಿಲ್ಲ, ನಳ್ಳಿ ತಿರುಗಿಸಿದರೆ ಆ ಕ್ಷಣವೇ ಬಿಸಿ. ಒಂದು ಕರೆಂಟಿನದು, ಒಂದು ಗ್ಯಾಸಿನದು.

"ಮನೆಯಗೆ ಎಷ್ಟ್ ಜನ ಮೀವುದ್?"

"ಎರಡ್ ಜನ," ಎಂದಳು ಶ್ರೀಲತಾ.

"ಮೂರ್," ಎಂದು ಸೀತು ತಿದ್ದಿದಳು. ಸೊಸೆಯ ಬಾಯಿ ತಪ್ಪಿರಬೇಕೆಂದುಕೊಂಡಳು, ಪಾಪ.

"ಗ್ಯಾಸಿಂದಾರೆ ಒಳ್ಗ್ ಹಾಕುಕಾಗ, ಗಾಳಿ ಬೇಕ್. ಹೊರ್ಗಿನ್ ಗೋಡಿಗ್ ಹಾಕಿ ಪೈಪ್ ಒಳ್ಗ್ ಕೊಡ್ಕ್," ಎಂದ ಲೀಲಾಧರ.

ಹೊರಗೆ ಎಂದದ್ದೇ ತಡ, ಸೀತುವಿನ ಮುಖ ಅರಳಿತು.

"ಹಂಗಾರೆ ಇದೇ ಆಯ್ತ್. ಅಲ್ಲೇ ನಂಗೊಂದ್ ನಳ್ಳಿ ಕೊಟ್ರೆ ಸಾಕ್."

"ಆಯ್ತ್ ಅಮ್ಮ," ಎಂದ ಯತೀಶ, ಮೊಬೈಲಿನಿಂದ ಕಣ್ಣೆತ್ತದೆ.

ಮರುದಿನ ಅವಳೇ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಹೊಳೆಯಿಸಿ, ಗುಜರಿಯವನ ಕೈಗೆ ಕೊಟ್ಟಳು. ಸಂಜೆಯೊಳಗೆ ಬಚ್ಚಲು ನೆಲಸಮವಾಯಿತು. ಗೀಸರ್ ಹಾಕಲು ಬಂದವನು ಹೊರಗಿನ ನಳ್ಳಿ ಎಲ್ಲಿಗೆ ಎಂದು ಕೇಳಿದಾಗ ಸೀತು ವಂಡ್ಸೆಯಲ್ಲಿ ಬಂಗುಡೆ ಮಾರುತ್ತಿದ್ದಳು.

"ಹೊರ್ಗ್ ಬ್ಯಾಡ," ಎಂದಳು ಶ್ರೀಲತಾ. "ಎರಡ್ ಕಡಿಗ್ ಕೊಟ್ರೆ ಒಳ್ಗ್ ಸಾಕಾತಿಲ್ಲ. ಅಂಗ್ಳದಗೆ ತಣ್ಣೀರಿನ್ ನಳ್ಳಿ ಇತ್ತಲೆ."

ಯತೀಶ ಅಲ್ಲೇ ಕಾರು ಒರೆಸುತ್ತಿದ್ದ. ಕೇಳಿಸಿಕೊಂಡ, ಒರೆಸಿದ.

ಸೀತು ಬಂದು ನೋಡಿದಳು. ಗೋಡೆಯಲ್ಲಿ ಗೀಸರ್, ಅದರಿಂದ ಹೊರಟ ಪೈಪು ನೆಟ್ಟಗೆ ಗೋಡೆಯೊಳಕ್ಕೆ ಹೋಗಿತ್ತು. ಕೆಳಗೆ ಅವಳ ಪಾಲಿಗೆ ಹಳೆಯ ನಳ್ಳಿ, ಒಂದು ತಗಡಿನ ಮರೆ.

"ಮುಂದೆ ಕಾಂಬ ಅಮ್ಮ," ಎಂದ ಯತೀಶ. ಮೂರು ತಿಂಗಳಾದರೂ ಅವನಿಗೆ ಆ 'ಮುಂದೆ' ಕಾಣಲಿಲ್ಲ.

ಶ್ರೀಲತಾ ಹುಟ್ಟಿದ್ದು ಹೆಮ್ಮಾಡಿಯ ಮೀನಿನ ಮನೆಯಲ್ಲೇ. ಆದರೂ ಅತ್ತೆಯ ಬುಟ್ಟಿ ಅಂಗಳಕ್ಕೆ ಬಂದ ಕೂಡಲೇ ಅವಳಿಗೆ ತನ್ನ ಮೈಯೇ ನಾರುತ್ತಿತ್ತು. ಹಾಗಾಗಿ ಅವಳೂ ಮೀಯಲು ಹೋಗುತ್ತಿದ್ದುದು ಅದೇ ಹೊತ್ತಿಗೆ.

ಅಂದು ಸೀತು ತಗಡಿನ ಮರೆಯಲ್ಲಿ ತಲೆಗೆಲ್ಲ ಸಾಬೂನು ತಿಕ್ಕಿಕೊಂಡು ನಳ್ಳಿ ತಿರುಗಿಸಿದಳು. ಮನೆಯ ಮೇಲಿನ ಟ್ಯಾಂಕಿನ ನೀರು ಇತ್ತ ಹರಿದು ಒಳಗೆ ರಭಸ ಕಡಿಮೆಯಾಯಿತು. ಗೀಸರಿನ ಬೆಂಕಿ ಆರಿತು.

"ಹ್ವಾಯ್ ಅತ್ತೆ! ನಿಮ್ಮ್ ನಳ್ಳಿ ಬಂದ್ ಮಾಡಿ! ನಂಗ್ ತಣ್ಣೀರ್ ಬತ್ತಾ ಇತ್ತ್!"

ಸೀತುವಿಗೆ ಬಾಯಿಗೆ ಬಂದದ್ದೆಲ್ಲ ಅಂದುಬಿಡಬೇಕೆನ್ನಿಸಿತು. ಆದರೆ ಬಾಯೊಳಗೆ ಸಾಬೂನು. ಬೆರಳು ಬಗ್ಗದೆ ಎರಡೂ ಅಂಗೈಯಲ್ಲಿ ಒತ್ತಿ ನಳ್ಳಿ ನಿಲ್ಲಿಸಿದಳು. ತಲೆಯ ಮೇಲೆ ಗೀಸರ್ ಭಗ್ಗೆಂದು ಹೊತ್ತಿಕೊಂಡಿತು.

ಕಣ್ಣು ಉರಿಯುತ್ತಿತ್ತು, ಮೈ ನಡುಗುತ್ತಿತ್ತು. ಮೇಲಿಂದ ಬಿಸಿಗಾಳಿ ಕೆನ್ನೆಗೆ ತಾಗಿತು. ಅವಳು ಮೆಲ್ಲನೆ ಎರಡೂ ಕೈಗಳನ್ನೆತ್ತಿ ಗೀಸರಿನ ಹೊಗೆ ಬಿಡುವ ಸಂದಿಗೆ ಹಿಡಿದಳು. ಬೆರಳುಗಳು ಒಂದೊಂದಾಗಿ ಬಗ್ಗತೊಡಗಿದವು.

ತಲೆಯ ಸಾಬೂನು ಒಣಗುತ್ತಿತ್ತು. ಸೊಸೆ ಇನ್ನೂ ಸ್ವಲ್ಪ ಹೊತ್ತು ಮೀಯಲಿ ಎಂದುಕೊಂಡು ಸೀತು ಹಾಗೇ ನಿಂತಳು.