ಭೂಪಟದ ಮೇಲಿನ ಕುಂಕುಮ

ಎರಡನೆಯ ಸಲ ಓದಿದಾಗಲೂ ತಂತಿಯಲ್ಲಿದ್ದದ್ದು ಅಷ್ಟೇ ಮಾತು. ವೆಂಕಟರತ್ನಮ್ಮನವರು ಅದನ್ನು ಮಡಚಿ ಹಾಜರಿ ಪುಸ್ತಕದೊಳಗೆ ಇಟ್ಟರು. ಅಂಚೆಯ ಕದಿರಪ್ಪ ಶಾಲೆಯ ಜಗುಲಿಯ ಮೇಲೆ ನಿಂತೇ ಇದ್ದ. ಊರಲ್ಲಿ ಇಂಗ್ಲಿಷು ಓದಬಲ್ಲವರು ಹೆಣ್ಣುಮಕ್ಕಳ ಶಾಲೆಯ ಈ ಉಪಾಧ್ಯಾಯಿನಿ ಒಬ್ಬರೇ. ಯಾರಿಗೆ ತಂತಿ ಬಂದರೂ ಅವನು ಮೊದಲು ಇವರಲ್ಲಿ ಓದಿಸಿಕೊಂಡು, ಇವರನ್ನೇ ಮುಂದಿಟ್ಟುಕೊಂಡು ಆ ಮನೆಗೆ ಹೋಗುವುದು ರೂಢಿ.

"ಚಿಕ್ಕಗಂಗಮ್ಮನ ಗಂಡನ್ದಾ?" ಎಂದ. ಅವರು ತಲೆಯಾಡಿಸಿದರು. ದಂಡಿನಲ್ಲಿ ಲಾರಿ ಓಡಿಸಲು ಹೋಗಿದ್ದ ಮುನಿಕೃಷ್ಣಪ್ಪ ಏಪ್ರಿಲ್ ತಿಂಗಳಲ್ಲೇ ತೀರಿಹೋಗಿದ್ದ. ಸುದ್ದಿ ಸಮುದ್ರ ದಾಟಿ, ಶ್ರೀನಿವಾಸಪುರಕ್ಕೆ ಬಂದು, ಅಲ್ಲಿಂದ ಮೂರು ಮೈಲಿ ಸೈಕಲ್ಲಿನ ಮೇಲೆ ಬರುವಷ್ಟರಲ್ಲಿ ಜುಲೈ ಆಗಿತ್ತು.

"ಶುಕ್ರವಾರದ ತನಕ ಇದು ನಿನ್ನ ಬಾಯಲ್ಲಿ ಬರಬಾರದು ಕದಿರಪ್ಪ. ಆಮೇಲೆ ನಾನೇ ಹೋಗಿ ಹೇಳ್ತೀನಿ."

"ತಪ್ಪಾಗಲ್ವಾ ಅಮ್ಮೋರೇ?"

"ಆದರೆ ನನಗಿರಲಿ."

ಶುಕ್ರವಾರ ಮಹಾರಾಜರ ವರ್ಧಂತಿ. ಯುದ್ಧದ ಕಾಲವಾದ್ದರಿಂದ ಆ ವರ್ಷ ಒಂದೊಂದು ತರಗತಿಯೂ ಯುದ್ಧದಲ್ಲಿ ನಮ್ಮ ಕಡೆಗಿದ್ದ ಒಂದೊಂದು ದೇಶವನ್ನು ದತ್ತು ತೆಗೆದುಕೊಂಡು, ಅಲ್ಲಿನ ಉಡುಗೆ ಅಡುಗೆಗಳನ್ನು ತೋರಿಸಬೇಕೆಂದು ಕೋಲಾರದಿಂದ ಹೇಳಿಕಳಿಸಿದ್ದರು. ಚೀನಾ, ಗ್ರೀಸು, ಈಜಿಪ್ಟುಗಳನ್ನು ಉಳಿದವರು ಮೊದಲೇ ಬಾಚಿಕೊಂಡರು. ವೆಂಕಟರತ್ನಮ್ಮನವರ ನಾಲ್ಕನೆಯ ತರಗತಿ ಆಫ್ರಿಕಾದ ಅಬಿಸೀನಿಯಾ ತೆಗೆದುಕೊಂಡಾಗ ಮಿಕ್ಕವರು ನಕ್ಕರು. ಭೂಗೋಳದ ಪುಸ್ತಕದಲ್ಲಿ ಅದಕ್ಕೆ ಒಂದೂವರೆ ಸಾಲು ಕೂಡ ಇರಲಿಲ್ಲ.

ಆದರೆ ಇವರ ಹತ್ತಿರ ಮುನಿಕೃಷ್ಣಪ್ಪನ ಕಾಗದಗಳಿದ್ದವು. ಅವನ್ನು ಚಿಕ್ಕಗಂಗಮ್ಮನಿಗೆ ಓದಿ ಹೇಳುತ್ತಿದ್ದವರು ಇವರೇ. ಗುಟ್ಟು ಬಯಲಾಗದಂತೆ ಊರಿನ ಹೆಸರುಗಳಿಗೆಲ್ಲ ದಂಡಿನವರು ಮಸಿ ಬಳಿದಿದ್ದರು. ಬೆಟ್ಟ, ಕಾಫಿ, ಬಿಳಿ ಬಟ್ಟೆ ಹೊದ್ದ ಜನ, ಅವರು ಹಿಟ್ಟು ಹುಳಿ ಬರಿಸಿ ಮೊರದಗಲ ಹುಯ್ಯುವ ದೋಸೆ, ಇಷ್ಟು ಮಾತ್ರ ಮಸಿಯಿಂದ ತಪ್ಪಿಸಿಕೊಂಡಿದ್ದವು. 'ಇಲ್ಲೂ ನಮ್ಮ ರಾಗಿ ಬೆಳೀತಾರೆ' ಎಂದು ಒಂದು ಕಾಗದದಲ್ಲಿತ್ತು. ಪತ್ರಿಕೆಯ ಸುದ್ದಿಯನ್ನೂ ಇದನ್ನೂ ಕೂಡಿಸಿ ಉಪಾಧ್ಯಾಯಿನಿ ಅವನಿರುವ ದೇಶ ಯಾವುದೆಂದು ಲೆಕ್ಕ ಹಾಕಿದ್ದರು. ಅಂದಿನಿಂದ ಅವನ ಮಗಳು ಆದಿಲಕ್ಷ್ಮಿ ಬೇರೆಯೇ ಹುಡುಗಿಯಾದಳು. ಏಳರ ಮಗ್ಗಿ ಬಾರದೆ ಗೋಡೆಗೆ ಅಂಟಿ ಕೂರುತ್ತಿದ್ದವಳು ಈಗ ಇಡೀ ತರಗತಿಗೆ 'ನಮ್ಮ ದೇಶ'ದ ಸಂಗತಿ ಹೇಳಿಕೊಡುತ್ತಿದ್ದಳು.

ಹುಡುಗಿ ಇನ್ನು ಮೂರು ದಿನ ಹೀಗೇ ನಗುನಗುತ್ತಾ ಇರಲಿ ಎಂದು ವೆಂಕಟರತ್ನಮ್ಮನವರು ತಮಗೆ ತಾವೇ ಹೇಳಿಕೊಂಡರು. ಸೂತಕವಾದರೆ ಅವಳು ಬರುವಂತಿಲ್ಲ. ಅವಳಿಲ್ಲದಿದ್ದರೆ ಅಬಿಸೀನಿಯಾವೂ ಇಲ್ಲ, ಅಂದು ಬರುವ ಶಾಲಾ ಇನ್‌ಸ್ಪೆಕ್ಟರ ಮುಂದೆ ತಾವು ಬರಿಗೈಯಲ್ಲಿ ನಿಲ್ಲಬೇಕು ಎಂಬುದೂ ಗೊತ್ತಿತ್ತು. ಇನ್ನೂ ಒಂದಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಗಂಡ ಹೋದ ಸುದ್ದಿ ಬಂದ ಗಳಿಗೆಯಲ್ಲೇ ಅವರ ಬಳೆ ಒಡೆದಿದ್ದರು. ಒಂದು ದಿನದ ಬಿಡುವನ್ನೂ ಯಾರೂ ಕೊಟ್ಟಿರಲಿಲ್ಲ. ಇವುಗಳಲ್ಲಿ ಯಾವುದು ಮೊದಲು ಎಂದು ಕೇಳಿದ್ದರೆ ಅವರಿಗೂ ಹೇಳಲಾಗುತ್ತಿರಲಿಲ್ಲ. ತನಗೆ ಬೇಕಾದ್ದನ್ನು ಮಾಡುವಾಗ ಮನುಷ್ಯನಿಗೆ ದಯೆಯ ಹೆಸರು ಸುಲಭವಾಗಿ ಸಿಗುತ್ತದೆ.

ಶುಕ್ರವಾರ ಶಾಲೆಗೆಲ್ಲ ಮಾವಿನ ತೋರಣ. ಅಪ್ಪನ ಬಿಳಿ ಪಂಚೆ ಹೊದ್ದು ಆದಿಲಕ್ಷ್ಮಿ ಒಂದೂ ತಪ್ಪಿಲ್ಲದೆ ಮಾತಾಡಿದಳು. ತೋಪಿನಲ್ಲಿ ಮಾವಿನಕಾಯಿ ಬುಟ್ಟಿಗೆ ತುಂಬುವ ಕೂಲಿಗೆ ಹೋಗದೆ ಚಿಕ್ಕಗಂಗಮ್ಮ ಮೊರದ ತುಂಬ ರಾಗಿ ದೋಸೆ ಹೊತ್ತು ತಂದಿದ್ದಳು. ತಲೆ ತುಂಬ ಹೂ. ಒಂದೊಂದು ದೇಶಕ್ಕೂ ಒಬ್ಬೊಬ್ಬ ಮುತ್ತೈದೆ ಆರತಿ ಎತ್ತಬೇಕೆಂದು ಊರ ಹಿರಿಯರ ಏರ್ಪಾಡು. ಉಪಾಧ್ಯಾಯಿನಿ ವಿಧವೆಯಾದ್ದರಿಂದ ಬಾಗಿಲ ಹಿಂದೆ ಸರಿದು ನಿಂತರು.

ಚಿಕ್ಕಗಂಗಮ್ಮ ಗೋಡೆಯ ಭೂಪಟಕ್ಕೆ ಆರತಿ ಎತ್ತಿದಳು. ಎಲ್ಲೇ ಅದು ಎಂದು ಮಗಳನ್ನು ಕೇಳಿದಳು. ಮಗಳು ಕೋಲು ಚಾಚಿ ತೋರಿಸಿದ ಜಾಗಕ್ಕೆ ಕುಂಕುಮ ಹಚ್ಚಿ, "ಅಲ್ಲಿರೋರು ತಣ್ಣಗಿರ್ಲಿ," ಎಂದಳು. ಇನ್‌ಸ್ಪೆಕ್ಟರು ದೋಸೆ ಮುರಿದು ಬಾಯಿಗೆ ಹಾಕಿಕೊಂಡು, ನಾಲ್ಕನೆಯ ತರಗತಿಗೇ ಬಹುಮಾನ ಎಂದರು. 

ಸಂಜೆ ದೀಪ ಹಚ್ಚುವ ಮೊದಲೇ ಅವರು ತಂತಿ ಹಿಡಿದು ಹೋದರು. ಆದಿಲಕ್ಷ್ಮಿ ಬಹುಮಾನದ ಸ್ಲೇಟು ತೋರಿಸಲು ಪಕ್ಕದ ಮನೆಗೆ ಹೋಗಿದ್ದಳು. ಹೇಳಬೇಕಾದ್ದನ್ನು ಹೇಳಿ ಮುಗಿಸಿದರು. ಚಿಕ್ಕಗಂಗಮ್ಮ ತನ್ನ ಮನೆಮಾತು ತೆಲುಗಿನಲ್ಲಿ, "ಎಪ್ಪುಡು ಒಚ್ಚಿಂದಿ?" ಎಂದಳು. ತಂತಿ ಯಾವಾಗ ಬಂತು ಎಂದು.

"ಮಂಗಳವಾರ."

ಅವಳು ಬೆರಳು ಮಡಚಿ ಎಣಿಸಿದಳು. "ನಾಕು ದಿನ ಹೂ ಮುಡ್ದೆ. ಊರ ಮುಂದೆ ನಗಾಡ್ದೆ. ನೀವು ನೋಡ್ತಾ ನಿಂತಿದ್ರಿ."

ಒಳ್ಳೆಯದಕ್ಕೇ ಮಾಡಿದ್ದು ಎಂದು ಇವರು ಏನೋ ಹೇಳಹೋದರು.

"ಅವ್ನ ಹೆಣಾನೂ ಸಿಗ್ಲಿಲ್ಲ. ನನ್ ಪಾಲಿಗೆ ಉಳ್ದಿದ್ದು ಅಳು ಒಂದೇ ಅಮ್ಮೋರೇ," ಎಂದಳು ಚಿಕ್ಕಗಂಗಮ್ಮ. "ಅದನ್ನೂ ನೀವೇ ಇಟ್ಕೊಂಡ್ರಿ." ಅವಳ ದನಿ ಏರಿರಲಿಲ್ಲ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ವೆಂಕಟರತ್ನಮ್ಮನವರಿಗೆ ಅನ್ನಿಸಿತು.

ತೋರಣ ಒಣಗಿತು, ಕಾಗದದ ಬಾವುಟಗಳನ್ನು ಇಲಿಗಳು ಕಡಿದವು. ಭೂಪಟದ ಕುಂಕುಮವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಉಪಾಧ್ಯಾಯಿನಿ ಅತ್ತ ಬೆನ್ನು ಹಾಕಿಯೇ ಪಾಠ ಮಾಡಿದರು.

ಹನ್ನೆರಡನೆಯ ದಿನ ಗಂಟೆ ಹೊಡೆಯುವ ಮೊದಲೇ ಆದಿಲಕ್ಷ್ಮಿ ಬಂದಳು. ಕೈಯಲ್ಲಿ ಒದ್ದೆ ಬಟ್ಟೆಯಿತ್ತು.

"ಅಲ್ಲಿಟ್ಟಿದ್ದು ಅಳಿಸ್ಬಿಟ್ಟು ಬಾ ಅಂದ್ಳು ಅಮ್ಮ."

ಕೊಡು, ನಾನು ಒರೆಸುತ್ತೇನೆ ಎಂದು ವೆಂಕಟರತ್ನಮ್ಮನವರು ಕೈ ಚಾಚಿದರು. ಹುಡುಗಿ ಬಟ್ಟೆಯನ್ನು ಎದೆಗೆ ಒತ್ತಿಕೊಂಡಳು. ನಿಂತರೆ ಅವಳಿಗೆ ಎಟುಕುತ್ತಿರಲಿಲ್ಲ. ಅವರು ಬೆಂಚು ಎಳೆದು ಗೋಡೆಗೆ ಹಾಕಿದರು. ಅವಳು ಹತ್ತಿ ಒರೆಸಿದಳು. ಭೂಪಟದ ಹಳೆಯ ಮೇಣಬಟ್ಟೆಯ ಬಿರುಕಿನಲ್ಲಿ ಕೆಂಪು ಕೂತುಬಿಟ್ಟಿತ್ತು. ಅವಳು ಇನ್ನೂ ಒತ್ತಿ ಉಜ್ಜಿದಳು. ದೇಶದ ಹೆಸರಿನ ಅಕ್ಷರಗಳು ಒಂದೊಂದಾಗಿ ಕಳಚಿ ಬಂದವು, ಕೆಂಪು ಹೋಗಲಿಲ್ಲ. ಬೆಂಚು ಅಲುಗದಂತೆ ವೆಂಕಟರತ್ನಮ್ಮನವರು ಎರಡು ಕೈಯಲ್ಲೂ ಹಿಡಿದುಕೊಂಡೇ ಇದ್ದರು.