ಆಡು ತಿಂದ ಅಕ್ಷರ

ಸೂಪಿನ ಮೇಲೆ ಕೆನೆ ಕಟ್ಟುತ್ತಿದೆ, ತೆಳ್ಳಗೆ, ಆರುತ್ತಿರುವ ಜಲವರ್ಣದ ಅಂಚಿನ ಹಾಗೆ, ಚಮಚ ತಾಗಿಸಿದರೆ ಸುಕ್ಕುಗಟ್ಟುತ್ತದೆ, ತಾಗಿಸುವುದು ಬೇಡ, ಹಳದಿಗೆ ಒಂದು ಹನಿ ಕಂದು ಬೆರೆಸಿದರೆ ಇದೇ ಬಣ್ಣ ಬರುತ್ತದೆ ಎಂದುಕೊಳ್ಳುತ್ತಾಳೆ ಬಣ್ಣದಕ್ಕ — ಮುದ್ರಣಾಲಯದವರು ಇಟ್ಟ ಹೆಸರು ಅದು, ಈಗ ಮಕ್ಕಳ ಪುಸ್ತಕದವರಿಗೆಲ್ಲ ಅವಳು ಬಣ್ಣದಕ್ಕನೇ, ಇವತ್ತಿನ ಆಹ್ವಾನಪತ್ರದಲ್ಲೂ ಹಾಗೇ ಅಚ್ಚಾಗಿದೆ, ಮಕ್ಕಳ ಸಾಹಿತ್ಯ ಸಂಘದ ವಾರ್ಷಿಕ ಭೋಜನ, ಅಗಲಿದ ಕಥೆಗಾರರ ಬಗ್ಗೆ ಬಣ್ಣದಕ್ಕನಿಂದ ಎರಡು ಮಾತು. ಎರಡು ಮಾತಂತೆ. ಇಷ್ಟು ವರ್ಷ ಅವಳ ಪಾಲಿನದನ್ನೂ ಕಥೆಗಾರರೇ ಮಾತಾಡುತ್ತಿದ್ದರು, ವೇದಿಕೆ ಹತ್ತಿ ಕತ್ತು ಚಾಚಿ, ನಾವು ಹೀಗೆ ಯೋಚನೆ ಮಾಡಿದ್ವಿ, ನಮಗೆ ಕಥೆಯ ಆ ಆಡು ಸಿಕ್ಕಿದ್ದು ಹೀಗೆ, ನಾವು, ನಮಗೆ — ಆ ನಾವು ಎಂಬುದರ ಮರೆಯಲ್ಲಿ ಅವಳು ಹಿಂದಿನ ಸಾಲಿನಲ್ಲಿ ಹಾಯಾಗಿ ಕುಳಿತು ಉಗುರಿನ ಸಂದಿಯ ಬಣ್ಣ ಕೆರೆಯುತ್ತಿದ್ದಳು. ಚಳಿಗಾಲದಲ್ಲಿ ಅವರು ತೀರಿಕೊಂಡರು. ಸಾವಿನ ಮನೆಯ ಗೇಟಿನಲ್ಲಿ ಯಾರೋ ಒಬ್ಬರು ಛತ್ರಿ ಮಡಚುತ್ತಾ ಕೇಳಿದ್ದರು, ನೀವು ಅವರಿಗೆ ಏನಾಗಬೇಕು, ಏನೂ ಆಗಬೇಕಾಗಿಲ್ಲ, ಅವರ ಪುಸ್ತಕಕ್ಕೆ ಚಿತ್ರ ಬರೀತಿದ್ದೆ, ಓ ಹಾಗಾ ಎಂದು ಅವರು ಒಳಗೆ ಹೋದರು, ಇವಳು ಗೇಟಿನ ಚಿಲಕ ಹಿಡಿದುಕೊಂಡೇ ನಿಂತಳು, ಏನಾಗಬೇಕು, ಹೌದು, ಏನಾಗಬೇಕು, ಅಣ್ಣ ಅನ್ನೋಣವೆಂದರೆ ವಯಸ್ಸಿನಲ್ಲಿ ತನಗಿಂತ ಚಿಕ್ಕವರು, ಸರ್ ಎಂದರೆ ಮುನಿಸಿಕೊಳ್ಳುತ್ತಿದ್ದರು, ಹೆಸರು ಹಿಡಿದು ಕರೆಯಲು ನಾಲಿಗೆ ಏಳಲಿಲ್ಲ, ರೀ ಎನ್ನುವುದು ಇನ್ನೊಬ್ಬರ ಹಕ್ಕು, ಹೀಗಾಗಿ ಕೊನೆಯವರೆಗೂ ಹಲೋ ಎಂಬುದೇ ಅವರ ಹೆಸರಾಗಿಬಿಟ್ಟಿತ್ತು.

ಹಲೋ, ನಿಮ್ಮ ಚಿತ್ರದಲ್ಲಿ ಆಡು ಈಗ ಎಲ್ಲಿದೆ, ಅಂಗಡಿ ಮೆಟ್ಟಿಲ ಮೇಲಿದೆ, ಇಳಿಸಬೇಡಿ, ಅಲ್ಲೇ ಇರಲಿ, ಕೇಳಿ ಈಗ ಮುಂದಿನ ಪುಟ — ಬೆಳಗಿನ ಕಾಫಿ ಮುಗಿಯುವ ಹೊತ್ತಿಗೆ ಫೋನು ಬರುತ್ತಿತ್ತು, ಅವರು ಓದುತ್ತಿದ್ದರು, ಇವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಗೀಚುತ್ತಿದ್ದಳು, ಈಗಲೂ ಆ ಹೊತ್ತಿಗೆ ಕತ್ತು ತಾನಾಗಿ ಎಡಕ್ಕೆ ವಾಲುತ್ತದೆ, ಒಂಟಿ ಕೋಣೆ, ಒಂದು ಮೇಜು, ಕಿಟಕಿಯಾಚೆ ಬೇರೆಯವರ ಬಟ್ಟೆ ಒಣಗುವ ಹಗ್ಗ, ದಿನಕ್ಕೆ ಅವಳ ಜೊತೆ ಮಾತಾಡುತ್ತಿದ್ದ ಒಂದೇ ದನಿ ಅದು, ಆಮೇಲೆ ರಾತ್ರಿಯವರೆಗೂ ಬಾಯಿ ತೆರೆಯುವ ಕೆಲಸವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನೀವು ಏನೂ ತಿಂತಾನೇ ಇಲ್ಲ. ಪಕ್ಕದ ಕುರ್ಚಿಯಿಂದ ಕಥೆಗಾರರ ಹೆಂಡತಿ, ಬೂದು ಸೀರೆ, ಬ್ರೆಡ್ಡಿನ ತಟ್ಟೆಯನ್ನು ಇತ್ತ ಸರಿಸುತ್ತಿದ್ದಾರೆ, ಮಾತಾಡೋದು ಇದೆ ಅಲ್ವಾ, ಆಮೇಲೆ ತಿಂತೀನಿ ಎಂದಳು ಇವಳು, ಅಯ್ಯೋ, ಅವರಿಗಾದ್ರೆ ಭಾಷಣ ಇದ್ದ ದಿನ ಎರಡು ತುತ್ತು ಜಾಸ್ತಿನೇ ಬೇಕಿತ್ತು. ಇಬ್ಬರೂ ತುಸು ನಕ್ಕರು. ಆಮೇಲೆ ಆಕೆ ಚಾಕುವಿನಲ್ಲಿ ಬೆಣ್ಣೆ ಸವರುತ್ತಾ, ಮುಖ ಎತ್ತದೆ, ಬೆಳಿಗ್ಗೆ ನಿಮ್ಮ ಜೊತೆ ಮಾತಾಡೋವಾಗ ಎಷ್ಟು ನಗ್ತಿದ್ರು ಗೊತ್ತಾ, ಬಾಗಿಲಾಚೆ ನಿಂತ್ರೂ ಕೇಳ್ತಿತ್ತು, ಮತ್ತೆ ಹೊರಗೆ ಬಂದ್ರೆ ಪೇಪರು, ಊಟ, ನಿದ್ದೆ, ನಮ್ಮ ಹತ್ರ ಅಷ್ಟು ನಗ್ತಿರಲಿಲ್ಲ. ದೂರಿನ ದನಿಯಲ್ಲ ಅದು, ನಲ್ಲಿಯಲ್ಲಿ ನೀರು ಬರಲಿಲ್ಲ ಎಂದಂತೆ ಹೇಳಿ ಬ್ರೆಡ್ಡು ಕಚ್ಚಿದರು. ಬಣ್ಣದಕ್ಕನ ಕಣ್ಣ ಮುಂದೆ ಬಾಗಿಲು, ಮುಚ್ಚಿದ ಬಾಗಿಲು, ಹೊರಗೆ ಒಬ್ಬ ಹೆಂಗಸು, ಕೈಯಲ್ಲಿ ಬಹುಶಃ ಅವರಿಗೆಂದು ತಂದ ಎರಡನೇ ಲೋಟ ಕಾಫಿ — ಬೇಡ, ಈಗ ಬೇಡ, ಅಷ್ಟರಲ್ಲಿ ಅಧ್ಯಕ್ಷರು ಮೈಕಿಗೆ ಬೆರಳಿನಿಂದ ತಟ್ಟುತ್ತಾರೆ, ಈಗ ನಮ್ಮ ಬಣ್ಣದಕ್ಕ.

ಮೈಕು ಎತ್ತರವಾಯಿತು, ಅಧ್ಯಕ್ಷರು ಅದರ ಕತ್ತು ಬಗ್ಗಿಸಿದರು, ಅದು ಕುಂಯ್ ಎಂದಿತು, ಎಷ್ಟೊಂದು ಮುಖ, ಮುಖವಿರುವ ಕಡೆಯೆಲ್ಲ ಕಾಗದವಿದ್ದಿದ್ದರೆ. ಅವಳು ಬರೆದುಕೊಂಡದ್ದನ್ನು ಬಿಡಿಸಿದಳು, ಮೊದಲ ಸಾಲೇ, ನಮ್ಮ ಕಥೆಗಾರರದು ನಗು ತುಂಬಿದ ಮನೆ. ವಾರವಿಡೀ ತಿದ್ದಿದ ಸಾಲು, ಚೆನ್ನಾಗಿದೆ ಎಂದು ತನ್ನಷ್ಟಕ್ಕೇ ಬೀಗಿದ ಸಾಲು, ಕೆಳಗೆ ಆ ಬೂದು ಸೀರೆ ತಲೆಯೆತ್ತಿ ಕಾಯುತ್ತಿದೆ, ಓದಲಾಗುವುದಿಲ್ಲ, ಬಾಗಿಲು, ಲೋಟ, ಆಚೆಯಿಂದ ನಗು, ಆ ನಗುವಿನ ಇನ್ನೊಂದು ತುದಿಯಲ್ಲಿದ್ದವಳು ತಾನೇ. ಕಾಗದ ಮಡಚಿದಳು. ನನಗೆ ಭಾಷಣ ಬರಲ್ಲ, ಒಂದು ಕಥೆ ಹೇಳ್ತೀನಿ ಎಂದಳು, ದನಿ ತನ್ನದೇ ಎಂದು ನಂಬಲಾಗಲಿಲ್ಲ. ಅವರ ಆಡಿಗೆ ಫಲಕದ ಅಕ್ಷರ ತಿನ್ನೋ ಚಟ ಅಲ್ವಾ, ಒಂದಿನ ಹಲ್ಲಿನ ವೈದ್ಯರು ಅಂತ ಇದ್ದ ಬೋರ್ಡಿಂದ ನ ಅನ್ನೋದನ್ನ ತಿಂದುಬಿಡ್ತು, ಉಳಿದಿದ್ದು ಹಲ್ಲಿ ವೈದ್ಯರು, ಬೆಳಿಗ್ಗೆ ನೋಡಿದ್ರೆ ಊರ ಮಕ್ಕಳೆಲ್ಲ ಡಬ್ಬಿಲಿ ಹಲ್ಲಿ ಹಿಡ್ಕೊಂಡು ಸಾಲಲ್ಲಿ ನಿಂತಿದಾರೆ, ಒಂದಕ್ಕೆ ಜ್ವರ, ಒಂದಕ್ಕೆ ಬಾಲ ಇಲ್ಲ, ವೈದ್ಯರು ಯಾರನ್ನೂ ವಾಪಸ್ ಕಳಿಸಲಿಲ್ಲ, ಹಲ್ಲಿಗೆ ಆ ಅನ್ನು ಅಂದ್ರು, ಅದು ಲೊಚ್ ಅಂತು. ನಗು ಮೇಜಿನಿಂದ ಮೇಜಿಗೆ ಹಬ್ಬಿತು, ಒಬ್ಬರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು, ಈ ಪುಟ ಓದುವಾಗ ಕಥೆಗಾರರೂ — ಎಂದು ಬಾಯಿಗೆ ಬಂದದ್ದನ್ನು ನುಂಗಿದಳು, ಆ ಬೆಳಿಗ್ಗೆ ಅವರು ನಗು ತಡೆಯಲಾಗದೆ ಮೂರು ಸಲ ನಿಲ್ಲಿಸಿದ್ದರು, ಉಸಿರು ಸಿಕ್ಕಿಕೊಂಡು, ನೀವೇ ಓದಿ ನೀವೇ ಓದಿ ಎಂದಿದ್ದರು, ಓದಲು ಇವಳ ಬಳಿ ಪುಟವೇ ಇರಲಿಲ್ಲ, ಅದಕ್ಕೂ ನಕ್ಕರು, ಇಬ್ಬರೂ, ಸುಮ್ಮನೆ, ಅದು ಇಲ್ಲಿ ಹೇಳುವಂಥದ್ದಲ್ಲ, ಎಲ್ಲೂ ಹೇಳುವಂಥದ್ದಲ್ಲ. ಧನ್ಯವಾದ ಎಂದು ಇಳಿದಳು, ಚಪ್ಪಾಳೆ, ಕುರ್ಚಿ, ಸೂಪು ಎತ್ತಿಕೊಂಡು ಹೋಗಿದ್ದಾರೆ. ಕಥೆಗಾರರ ಹೆಂಡತಿ ಇತ್ತ ತಿರುಗಿದರು, ಆ ಹಲ್ಲಿ ಕಥೆ ನಂಗೆ ಗೊತ್ತೇ ಇರಲಿಲ್ಲ, ಇಂಥದ್ದಕ್ಕೇನಾ ಅಷ್ಟು ನಗ್ತಿದ್ದದ್ದು. ಹೂಂ, ಇಂಥದ್ದಕ್ಕೇ. ಅಷ್ಟೇನಾ. ಅವಳು ಆ ಕಣ್ಣುಗಳನ್ನು ನೋಡಿದಳು, ಎಷ್ಟು ವರ್ಷದ ಪ್ರಶ್ನೆಯೋ, ಹೌದು, ಅಷ್ಟೇ ಎಂದಳು, ಅಂದ ಕೂಡಲೇ ಅಷ್ಟೂ ಬೆಳಗುಗಳು ಆ ಒಂದು ಪದದೊಳಗೆ ಹೋಗಿ ಕದವಿಕ್ಕಿಕೊಂಡವು. ಆಕೆ ತಲೆಯಾಡಿಸಿ, ಹಲ್ಲಿಗೆ ಆ ಅನ್ನು ಅಂದ್ರಂತೆ, ಎಂದು ತನ್ನಷ್ಟಕ್ಕೇ ಗೊಣಗಿ ನಗುತ್ತಿದ್ದಾರೆ, ಹೆಗಲು ಕುಲುಕುತ್ತಿದೆ, ತಡವಾಗಿ, ಒಬ್ಬರೇ. ಬಣ್ಣದಕ್ಕನ ಬೆರಳು ಮೇಜಿನ ಬಟ್ಟೆಯ ಮೇಲೆ ತಾನಾಗಿ ಗೆರೆ ಎಳೆಯುತ್ತಿದೆ, ಎರಡು ನೆಟ್ಟಗಿನ ಗೆರೆ, ಬಾಗಿಲು, ಲೋಟದಿಂದ ಆವಿ ಏಳಬೇಕೋ ಬೇಡವೋ, ಇಲ್ಲ, ಆರಿದೆ, ಹೊರಗೆ ನಿಂತವಳ ಮುಖ ಬೇಡ, ಬೆನ್ನು ಸಾಕು, ಬಾಗಿಲು, ತಟ್ಟಲೆಂದು ಎತ್ತಿದ ಕೈ, ಒಳಗೆ ನಗು, ಎತ್ತಿದ ಕೈ —