ನಲವತ್ತೆರಡು ಮಕ್ಕಳಿಗೆ ಒಂದೇ ಪತ್ರ

ಹರ್ನ್‌ಡನ್ ಎಂಬ ಊರಿನ ಆಫೀಸಿನಲ್ಲಿ ವಾರವಿಡೀ ಪತ್ರಗಳ ಟೆಂಪ್ಲೇಟ್ ಮಾಡುವ ಶೈಲಜಾಳಿಗೆ, ಪಕ್ಕದ ಊರು ಆಲ್ಡಿಯ ಭಾನುವಾರದ ಕನ್ನಡ ಶಾಲೆಯ ಮಕ್ಕಳಿಗೆ ವರ್ಷದ ಕೊನೆಯ ಪತ್ರ ಬರೆಯುವುದು ಯಾವ ಮಹಾ ಕೆಲಸ? ಅಲ್ಲಿ ಅವಳೇ ಟೀಚರ್. ಮೊದಲು ಅಮೂಲ್ಯಾ ಎಂಬ ಹುಡುಗಿಗೆ ಮನಸ್ಸಿಟ್ಟು ಒಂದು ಪತ್ರ ಬರೆದಳು. ಆಮೇಲೆ ಕಂಪ್ಯೂಟರಿನಲ್ಲಿ ಆ ಹೆಸರು ಅಳಿಸಿ, ಪಟ್ಟಿಯಲ್ಲಿರುವ ಹೆಸರುಗಳು ಒಂದೊಂದಾಗಿ ತಾವೇ ಬಂದು ಅಲ್ಲಿ ಕೂರುವಂತೆ ಮಾಡಿದಳು. ಕಾಫಿ ಆರುವುದರೊಳಗೆ ಪ್ರಿಂಟರು ನಲವತ್ತೆರಡು ಪತ್ರ ಉಗುಳಿತ್ತು. ಅಷ್ಟು ಚುರುಕು ನಮ್ಮ ಶೈಲಜಾ. ಮತ್ತೊಮ್ಮೆ ಓದಿ ನೋಡುವ ವ್ಯವಧಾನ ಮಾತ್ರ ಇರಲಿಲ್ಲ.

ಪತ್ರ ತಲುಪಿದ ಮೇಲೆ ಕ್ಲಾಸಿನ ಇನ್ನೊಬ್ಬ ಹುಡುಗಿ ನಿಧಿಯ ತಾಯಿ ಶ್ರೀದೇವಿ ಫೋನ್ ಮಾಡಿದಳು.

"ಏನ್ ಮ್ಯಾಜಿಕ್ ಮಾಡಿದ್ರಿ ಶೈಲಜಾ? 'ನೀನು ಕ್ಲಾಸಿನಲ್ಲಿ ಹೇಳಿದ ಕಥೆಯನ್ನು ನಾನು ಮರೆತಿಲ್ಲ' ಅಂತ ಬರ್ದಿದೀರಲ್ಲ, ಅದನ್ನ ಫ್ರಿಜ್ ಮೇಲೆ ಅಂಟಿಸ್ಕೊಂಡು ದಿನಾ ಓದ್ತಾಳೆ. ಯಾವ ಕಥೆ ಅಂತ ಅವ್ಳಿಗೇ ನೆನಪಾಗ್ತಿಲ್ವಂತೆ. ಸಂಡೇ ನಿಮ್ಮನ್ನೇ ಕೇಳ್ತಾಳಂತೆ."

ಶೈಲಜಾಳಿಗೆ ಆಗಲೇ ಆ ಸಾಲು ನೆನಪಾದದ್ದು. ಕ್ಲಾಸಿನಲ್ಲಿ ನರಿಯ ಕಥೆ ಹೇಳಿದವಳು ಅಮೂಲ್ಯಾ. ನಿಧಿ ವರ್ಷವಿಡೀ ತುಟಿ ಪಿಟಕ್ಕೆನ್ನದ ಮಗು. ಮೊದಲ ವಾರ ಅವಳ ಉಚ್ಚಾರಣೆಗೆ ಯಾರೋ ಕಿಸಕ್ಕನೆ ನಕ್ಕಿದ್ದರು, ಅಲ್ಲಿಗೆ ಮಾತು ನಿಂತಿತ್ತು.

ಭಾನುವಾರ ದಾರಿಯುದ್ದಕ್ಕೂ ಒಂದು ಸುಳ್ಳು ಶೈಲಜಾಳ ನಾಲಿಗೆಯ ತುದಿಯಲ್ಲೇ ಇತ್ತು. ನರಿಯ ಕಥೆ ಎಂದರಾಯಿತು, ಮಗು ನಂಬುತ್ತದೆ. ಒಂಬತ್ತು ವರ್ಷದ ಹುಡುಗಿಯ ಸಂತೋಷ ಕಸಿದುಕೊಂಡು ಯಾರಿಗೇನು ಲಾಭ? ಆದರೆ ಇನ್ನೊಬ್ಬಳ ಕಥೆಯನ್ನು ತಂದು ಇವಳ ತಲೆಗೆ ಕಟ್ಟುವುದಕ್ಕೂ ಮನಸ್ಸು ಒಪ್ಪಲಿಲ್ಲ. ತನ್ನ ಬಗ್ಗೆ ತನಗೇ ನಾಚಿಕೆಯಾಯಿತು.

ನಿಧಿ ಬಾಗಿಲಲ್ಲೇ ಕಾಯುತ್ತಿದ್ದಳು. "ಆಂಟಿ, ಯಾವ ಸ್ಟೋರಿ?"

ಶೈಲಜಾ ಅವಳ ಎದುರು ಮಂಡಿಯೂರಿ ಕುಳಿತಳು. "ನೀನು ಹೇಳಿರ್ಲಿಲ್ಲ ಪುಟ್ಟಿ. ಅದು ಅಮೂಲ್ಯಾಗೆ ಬರ್ದಿದ್ದು. ಹೆಸರು ಚೇಂಜ್ ಮಾಡಿ ಎಲ್ಲರಿಗೂ ಅದೇ ಕಳಿಸ್ಬಿಟ್ಟೆ. ತಪ್ಪು ನಂದು."

ಮಗುವಿನ ಮುಖ ಸಪ್ಪಗಾಯಿತು. "ಸೋ, ನಾನು ನಿಮಗೆ ನೆನಪು ಇಲ್ಲ?"

"ಯಾಕಿಲ್ಲ? ನೀನು ಕಿಟಕಿ ಪಕ್ಕ ಕೂತ್ಕೋತೀಯ. 'ಳ' ಸರಿಯಾಗೋವರೆಗೂ ಅಳಿಸಿ ಅಳಿಸಿ ಪೇಪರ್ ಹರಿದುಹಾಕ್ತೀಯ. ಚಿರಾಗ್ ಪೆನ್ಸಿಲ್ ಮರೆತು ಬಂದಾಗೆಲ್ಲ, ಅವನು ಕೇಳೋ ಮೊದ್ಲೇ ನಿಂದು ಕೊಡ್ತೀಯ."

ಇಷ್ಟೆಲ್ಲ ತನಗೆ ಗೊತ್ತಿತ್ತೆಂದು ಶೈಲಜಾಳಿಗೇ ಆಶ್ಚರ್ಯವಾಯಿತು. ನಿಧಿ ಅವಳನ್ನೇ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ.

"ಮತ್ತೆ ಅದು ಯಾಕೆ ಬರೀಲಿಲ್ಲ?"

ಶೈಲಜಾ ಚೀಲದಿಂದ ಹಾಳೆ, ಪೆನ್ನು ತೆಗೆದು ಅಲ್ಲೇ ನೆಲದ ಮೇಲೆ ಕುಳಿತಳು. ಹೊಸ ಪತ್ರ ಬರೆದು ಮುಗಿಸುವವರೆಗೂ ನಿಧಿ ಪಕ್ಕದಿಂದ ಕದಲಲಿಲ್ಲ, ಒಂದೊಂದು ಪದವನ್ನೂ ಗಟ್ಟಿಯಾಗಿ ಓದಿಕೊಳ್ಳುತ್ತ ನಿಂತಿದ್ದಳು.